ಅಸ್ಸಲಾಮ್: ಒಂದು ದೈವನಾಮ ಮತ್ತು ಕನ್ನಡದ ಎರಡು ಸಲಾಮುಗಳು

ಬೆಳಗಾವಿಯಿಂದ ಚೋರ್ಲಾ ಘಟ್ಟವನ್ನು ಇಳಿದರೆ ಮೊದಲು ಸಿಗುವ ಗೋವೆಯ ಸೀಮೆ ಸತ್ತರಿ. ಕರ್ನಾಟಕದಲ್ಲಿ ಹುಟ್ಟಿದ ಮಹದಾಯಿ ನದಿ ಈ ತಾಲೂಕಿನ ಕಾಡುಗಳ ನಡುವೆ ಹರಿದು, ಮುಂದೆ ಮಾಂಡವಿಯೆಂಬ ಹೆಸರಿನಲ್ಲಿ ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಸತ್ತರಿಯ ಮುಖ್ಯ ಪಟ್ಟಣ ವಾಳಪೈ. ಊರು ದೊಡ್ಡದಲ್ಲ, ಆದರೆ ಅದರ ಪೇಟೆಯಲ್ಲಿ ಕೊಂಕಣಿ, ಮರಾಠಿ, ದಖನಿ ಉರ್ದು, ಕನ್ನಡ ಈ ನಾಲ್ಕೂ ಭಾಷೆಗಳು ದಿನನಿತ್ಯ ಒಂದನ್ನೊಂದು ಎದುರುಗೊಳ್ಳುತ್ತವೆ. 2011ರ ಜನಗಣತಿಯ ಪ್ರಕಾರ ಗೋವೆಯ ಜನಸಂಖ್ಯೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ನೂರಕ್ಕೆ ನಾಲ್ಕೂವರೆಗಿಂತ ಸ್ವಲ್ಪ ಹೆಚ್ಚು. ಉರ್ದು ಎಂದವರು ನೂರಕ್ಕೆ ಮೂರರೊಳಗೆ. ಮುಸ್ಲಿಮರು ನೂರಕ್ಕೆ ಎಂಟರಷ್ಟು. ಉತ್ತರ ಕರ್ನಾಟಕದಿಂದ ಬಂದ ಅನೇಕ ಮುಸ್ಲಿಂ ಕುಟುಂಬಗಳು ಮನೆಯೊಳಗೆ ದಖನಿಯನ್ನೂ ಹೊರಗೆ ಕನ್ನಡವನ್ನೂ ಬಳಸುತ್ತವೆ. ಆದ್ದರಿಂದ ಈ ಎಣಿಕೆಗಳು ಪರಸ್ಪರ ಹೊರತಾದ ಸಮುದಾಯಗಳನ್ನು ಸೂಚಿಸುವುದಿಲ್ಲ.

ಇಂತಹ ಪೇಟೆಯಲ್ಲಿ ಎಲ್ಲ ಭಾಷೆಯವರಿಗೂ ತಿಳಿದ ಪದವೊಂದಿದೆ: ಸಲಾಂ. ಅದನ್ನು ತಿಳಿಯದವರಿಲ್ಲ, ಆದರೆ ಎಲ್ಲರೂ ಒಂದೇ ಅರ್ಥದಲ್ಲಿ ತಿಳಿದಿಲ್ಲ. ಮಸೀದಿಯಿಂದ ಹೊರಬರುವವನಿಗೆ ಅದು ದೇವರ ತೊಂಬತ್ತೊಂಬತ್ತು ನಾಮಗಳಲ್ಲಿ ಒಂದು, ಮತ್ತು ಆ ನಾಮವನ್ನು ಒಳಗೊಂಡ ಹಾರೈಕೆ. ಕನ್ನಡ ಮಾತ್ರ ಬಲ್ಲ ಪಕ್ಕದ ಅಂಗಡಿಯವನಿಗೆ ‘ಸಲಾಮು’ ಎಂದರೆ ಮೇಲಿನವನ ಮುಂದೆ ಕೆಳಗಿನವನು ತಲೆಬಾಗಿಸಿ ಕೈಯೆತ್ತುವ ಕ್ರಿಯೆ. ಒಂದೇ ಅರಬ್ಬೀ ಪದ ನಮ್ಮ ಭಾಷೆಯನ್ನು ಎರಡು ಬಾಗಿಲುಗಳಿಂದ ಹೊಕ್ಕು, ಎರಡು ಪದಗಳಾಗಿ ನೆಲೆನಿಂತಿದೆ. ಈ ಎರಡನ್ನು ಬೇರ್ಪಡಿಸಿ ನೋಡದೆ ಅನುವಾದ ಮಾಡಿದರೂ ವಾದ ಮಾಡಿದರೂ ತಪ್ಪು ನಿರ್ಣಯಕ್ಕೆ ಬರುತ್ತೇವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಮದ ಅರ್ಥ

‘ಅಸ್ಸಲಾಮ್’ ದೈವನಾಮವಾಗಿ ಕುರ್‌ಆನಿನಲ್ಲಿ ಬರುವುದು ಒಂದೇ ಕಡೆ: ‘ಅಲ್-ಹಶ್ರ್’ ಎಂಬ 59ನೆಯ ಅಧ್ಯಾಯದ 23ನೆಯ ವಾಕ್ಯದಲ್ಲಿ. ಅಲ್ಲಿ ಅದು ಒಂಟಿಯಾಗಿ ನಿಂತಿಲ್ಲ. ‘ಒಡೆಯ’ ಎಂಬರ್ಥದ ಅಲ್-ಮಲಿಕ್, ‘ಪರಮಪವಿತ್ರ’ ಎಂಬರ್ಥದ ಅಲ್-ಕುದ್ದೂಸ್ ಎಂಬ ನಾಮಗಳ ನಂತರ ಬರುತ್ತದೆ. ಅದರ ಬೆನ್ನಿಗೇ ‘ಅಭಯವನ್ನು ನೀಡುವವನು’ ಎಂಬರ್ಥದ ಅಲ್-ಮೂಮಿನ್ ಇದೆ. ಪವಿತ್ರತೆ ಮತ್ತು ಅಭಯ ಎಂಬ ಎರಡು ನಾಮಗಳ ನಡುವಿನ ಈ ಸ್ಥಾನವೇ ಅರ್ಥನಿರ್ಣಯಕ್ಕೆ ಒಂದು ಸುಳುಹು.

ಸ್-ಲ್-ಮ್ ಎಂಬ ಮೂರು ವ್ಯಂಜನಗಳ ಈ ಧಾತು ಸೆಮಿಟಿಕ್ ಭಾಷೆಗಳಿಗೆ ಸಾಮಾನ್ಯವಾದುದು. ಹೀಬ್ರೂವಿನ ‘ಶಾಲೋಮ್’ ಇದರ ಒಡಹುಟ್ಟು. ಅದೇ ಭಾಷೆಯ ‘ಶಾಲೇಮ್’ ಎಂದರೆ ಇಡಿಯಾದುದು, ಮುಕ್ಕಾಗದುದು. ಅರಬ್ಬಿಯಲ್ಲಿ ‘ಸಲಿಮ’ ಎಂಬ ಕ್ರಿಯಾರೂಪಕ್ಕೆ ಕೇಡಿನಿಂದ ಪಾರಾಗು, ಊನವಿಲ್ಲದೆ ಉಳಿ ಎಂಬ ಅರ್ಥ. ‘ಸಲೀಮ್’ ಎಂದರೆ ಆರೋಗ್ಯವಾಗಿರುವ, ಕೆಡದಿರುವ ಎಂದರ್ಥ. ಅಂತಿಮ ದಿನದಂದು ಮನುಷ್ಯನಿಗೆ ಪ್ರಯೋಜನವಾಗುವುದು ‘ಸಲೀಮ್’ ಆದ ಹೃದಯ ಮಾತ್ರ ಎಂಬ ಮಾತು 26ನೆಯ ಅಧ್ಯಾಯದಲ್ಲಿದೆ. ‘ಸಲಾಮತ್’ ಎಂದರೆ ಸುರಕ್ಷಿತ ಸ್ಥಿತಿ. ‘ಸಿಲ್ಮ್’ ಎಂದರೆ ಯುದ್ಧವಿಲ್ಲದ ಒಡಂಬಡಿಕೆ. ‘ಇಸ್ಲಾಂ’ ಇದೇ ಧಾತುವಿನ ಇನ್ನೊಂದು ರೂಪ. ತನ್ನನ್ನು ಇಡಿಯಾಗಿ ಒಪ್ಪಿಸಿಕೊಳ್ಳುವುದು ಎಂಬುದು ಅದರ ನೇರ ಅರ್ಥ. ಆದುದರಿಂದ ‘ಇಸ್ಲಾಂ ಎಂದರೆ ಶಾಂತಿ’ ಎಂಬ ಜನಪ್ರಿಯ ಸಮೀಕರಣ ಧಾತುಸಂಬಂಧವನ್ನು ಹೇಳುತ್ತದೆಯೇ ಹೊರತು ಪದಾರ್ಥವನ್ನು ಹೇಳುವುದಿಲ್ಲ. ಆ ಮಾತನ್ನು ಘೋಷಣೆಯಾಗಿ ಬಳಸುವವರೂ ಅದನ್ನು ಗೇಲಿಮಾಡುವವರೂ ಈ ವ್ಯತ್ಯಾಸವನ್ನು ಸಮಾನವಾಗಿಯೇ ಮರೆಯುತ್ತಾರೆ.

ಕುರ್‌ಆನಿನ ಒಂದು ಪ್ರಯೋಗ ಇಲ್ಲಿ ವಿಶೇಷವಾಗಿ ಗಮನಾರ್ಹ. ಪ್ರವಾದಿ ಇಬ್ರಾಹೀಮರನ್ನು ಬೆಂಕಿಗೆ ಎಸೆದ ಪ್ರಸಂಗದಲ್ಲಿ (ಅಧ್ಯಾಯ 21, ವಾಕ್ಯ 69) ಬೆಂಕಿಗೆ ದೇವರು ಎರಡು ಆಜ್ಞೆಗಳನ್ನು ಕೊಡುತ್ತಾನೆ: ತಂಪಾಗು, ‘ಸಲಾಮ್’ ಆಗು. ತಣ್ಣಗಾದ ಮೇಲೆ ಇನ್ನೊಂದು ಆಜ್ಞೆ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ವ್ಯಾಖ್ಯಾನಕಾರರು ಕೊಡುವ ಉತ್ತರ ಸ್ವಾರಸ್ಯಕರವಾಗಿದೆ: ತಂಪು ಮಾತ್ರ ಆಗಿದ್ದರೆ ಆ ಚಳಿಯೇ ಅವರಿಗೆ ಕೇಡಾಗುತ್ತಿತ್ತು. ಇಲ್ಲಿ ಸಲಾಮ್ ಎಂದರೆ ಉರಿಯ ಶಮನವಲ್ಲ, ಒಳಗಿರುವವನಿಗೆ ಒಂದು ಕೂದಲೂ ಕೊಂಕದಿರುವುದು.

ದೈವನಾಮಗಳನ್ನು ವಿವರಿಸಿದವರಲ್ಲಿ ಅಬೂ ಹಾಮಿದ್ ಅಲ್-ಗಝಾಲಿ (ನಿಧನ 1111) ಪ್ರಮುಖರು. ‘ಅಲ್-ಮಕ್ಸದ್ ಅಲ್-ಅಸ್ನಾ’ ಎಂಬ ತಮ್ಮ ಕೃತಿಯಲ್ಲಿ ಅವರು ಈ ನಾಮವನ್ನು ಮೂರು ನೆಲೆಗಳಲ್ಲಿ ಅರ್ಥೈಸುತ್ತಾರೆ: ಸ್ವರೂಪದಲ್ಲಿ ದೋಷವಿಲ್ಲದವನು, ಗುಣಗಳಲ್ಲಿ ಕೊರತೆಯಿಲ್ಲದವನು, ಕೃತಿಗಳಲ್ಲಿ ಕೇಡಿಲ್ಲದವನು. ಲೋಕದಲ್ಲಿ ಎಲ್ಲಿ ಯಾವುದು ಕೇಡಿನಿಂದ ಪಾರಾಗಿ ಉಳಿದಿದೆಯೋ ಆ ಉಳಿವಿನ ಮೂಲವೂ ಅವನೇ. ಮನುಷ್ಯನಿಗೆ ಈ ನಾಮದಲ್ಲಿ ದೊರೆಯುವ ಪಾಲನ್ನೂ ಗಝಾಲಿ ವಿವರಿಸುತ್ತಾರೆ: ಮತ್ಸರ, ದ್ವೇಷ, ಕೇಡು ಬಯಸುವ ಇಚ್ಛೆ ಇವುಗಳಿಂದ ಹೃದಯವನ್ನೂ, ನಿಷಿದ್ಧ ಕರ್ಮಗಳಿಂದ ಅವಯವಗಳನ್ನೂ ಕಾಪಾಡಿಕೊಂಡವನು ಈ ನಾಮದ ಗುಣಕ್ಕೆ ಪಾತ್ರನಾಗುತ್ತಾನೆ. ಹೀಗೆ ನಾಮಕ್ಕೆ ಎರಡು ಮುಖಗಳಿವೆ: ಕುಂದಿಲ್ಲದವನು ಎಂಬುದು ಒಂದು, ಕ್ಷೇಮವನ್ನು ಕೊಡುವವನು ಎಂಬುದು ಇನ್ನೊಂದು. ಶಾಂತಿ ಈ ಎರಡರಿಂದಲೂ ಹೊಮ್ಮುವ ಫಲವೇ ಹೊರತು ಮೊದಲ ಅರ್ಥವಲ್ಲ.

ನಾಮದಿಂದ ಅಭಿವಾದನಕ್ಕೆ

ಈ ದೈವನಾಮಕ್ಕೂ ದಿನಬಳಕೆಯ ಅಭಿವಾದನಕ್ಕೂ ಇರುವ ಸಂಬಂಧವನ್ನು ಬುಖಾರಿಯವರ ಹದೀಸ್ ಸಂಗ್ರಹದಲ್ಲಿರುವ ಒಂದು ವರದಿ ಸ್ಪಷ್ಟಪಡಿಸುತ್ತದೆ. ಅನುಯಾಯಿಗಳು ಪ್ರಾರ್ಥನೆಯಲ್ಲಿ ಕುಳಿತಾಗ ದೇವರಿಗೂ ಸಲಾಮ್ ಹಾರೈಸುತ್ತಿದ್ದರಂತೆ. ಪ್ರವಾದಿಯವರು ಅದನ್ನು ತಡೆದು, ದೇವರು ತಾನೇ ಸಲಾಮ್ ಆಗಿರುವನಾದ್ದರಿಂದ ಹಾಗೆ ಹೇಳಬಾರದೆಂದು ತಿದ್ದಿದರು. ತರ್ಕ ಸರಳವಾಗಿದೆ. ಹಾರೈಕೆ ಸಲ್ಲುವುದು ಕೊರತೆ ಇರುವವನಿಗೆ, ಅಪಾಯ ತಟ್ಟಬಹುದಾದವನಿಗೆ. ಮನುಷ್ಯ ಮನುಷ್ಯನಿಗೆ ಸಲಾಮ್ ಹೇಳಬಹುದು, ಹೇಳಬೇಕು, ದೇವರಿಗೆ ಹೇಳುವಂತಿಲ್ಲ. ಆದ್ದರಿಂದ ಮೂಲದಲ್ಲಿ ಸಲಾಮ್ ಮೇಲಿರುವವನಿಗೆ ಸಲ್ಲಿಸುವ ವಂದನೆಯೇ ಅಲ್ಲ. ಮೇಲಿರುವವನಿಂದ ಪಡೆದುದನ್ನು ಸಮಾನರು ತಮ್ಮೊಳಗೆ ಹಂಚಿಕೊಳ್ಳುವ ಮಾತು ಅದು. ‘ಅಸ್ಸಲಾಮು ಅಲೈಕುಮ್’ ಎಂಬಲ್ಲಿನ ಮೊದಲ ಪದವನ್ನು ದೇವರ ನಾಮವೆಂದೇ ಗ್ರಹಿಸಿ, ಆ ನಾಮದ ರಕ್ಷಣೆ ನಿಮ್ಮ ಮೇಲಿರಲಿ ಎಂದು ವಿವರಿಸಿದ ವ್ಯಾಖ್ಯಾನಕಾರರೂ ಇದ್ದಾರೆ.

ನಮಾಜಿನ ಸಮಾಪ್ತಿಯ ವಿಧಿ ಇದನ್ನೇ ಶರೀರದ ಭಾಷೆಯಲ್ಲಿ ಹೇಳುತ್ತದೆ. ಬಾಗುವುದು, ಹಣೆಯನ್ನು ನೆಲಕ್ಕೆ ತಾಗಿಸುವುದು ಇವೆಲ್ಲ ದೇವರ ಮುಂದೆ. ಅವೆಲ್ಲ ಮುಗಿದ ಮೇಲೆ ಕುಳಿತಲ್ಲಿಂದಲೇ ಮುಖವನ್ನು ಬಲಕ್ಕೂ ಎಡಕ್ಕೂ ತಿರುಗಿಸಿ ಸಲಾಮ್ ಹೇಳಲಾಗುತ್ತದೆ. ಈ ವಿಧಿಯ ಹೆಸರು ‘ತಸ್ಲೀಮ್’, ಅದೇ ಧಾತುವಿನಿಂದ ಬಂದ ಪದ. ಬಾಗುವಿಕೆ ಮೇಲಿನವನಿಗೆ, ಸಲಾಮ್ ಪಕ್ಕದವನಿಗೆ. ಈ ಎರಡರ ನಡುವಿನ ಗೆರೆ ಮಸೀದಿಯೊಳಗೆ ಅಳಿಸಿಹೋಗಿಲ್ಲ. ಅದು ಅಳಿಸಿಹೋದದ್ದು ಅರಮನೆಯಲ್ಲಿ.

ಗೋವೆಯ ಕಡಲತೀರ: ಕದಂಬರಿಂದ ಆದಿಲಶಾಹಿಗಳವರೆಗೆ

ಅರಮನೆಯ ಮಾತಿಗೆ ಬರುವ ಮೊದಲು ಗೋವೆಯಲ್ಲಿ ಈ ಪದ ಬಂದಿಳಿದ ಹಳೆಯ ದಾರಿಯನ್ನು ಗಮನಿಸಬೇಕು. ಗೋವೆಯ ಕದಂಬರು ಕನ್ನಡದ ಅರಸುಮನೆತನಗಳಲ್ಲಿ ಒಂದು. ಆ ವಂಶದ ಒಂದನೆಯ ಜಯಕೇಶಿಯ ಕಾಲದ, 11ನೆಯ ಶತಮಾನದ ನಡುಭಾಗದ ತಾಮ್ರಶಾಸನವೊಂದು ‘ತಾಜಿಕ’ ಮೂಲದ, ಎಂದರೆ ಅರಬ್ಬೀ ಮೂಲದ, ಸಮುದ್ರವರ್ತಕರ ಮನೆತನವೊಂದನ್ನು ಹೆಸರಿಸುತ್ತದೆ. ಜಯಕೇಶಿಯ ಪೂರ್ವಜ ಗುಹಲ್ಲದೇವ ಸೋಮನಾಥ ಯಾತ್ರೆಗೆ ಹಡಗಿನಲ್ಲಿ ಹೊರಟಾಗ ಕೂವೆಮರ ಮುರಿದು ಅಪಾಯಕ್ಕೆ ಸಿಕ್ಕಿ, ಮಧುಮದನೆಂಬ ಸಿರಿವಂತ ವರ್ತಕನ ಆಸರೆಯನ್ನು ಪಡೆದನು. ಮಧುಮದ ಎಂಬುದು ಮುಹಮ್ಮದ್ ಎಂಬ ಹೆಸರಿನ ದೇಶೀ ರೂಪ. ಅದೇ ಮನೆತನದ ಛಾದಮನು ಜಯಕೇಶಿಯ ಕಾಲದಲ್ಲಿ ಅಧಿಕಾರಸ್ಥಾನಕ್ಕೇರಿದನು. ಬಂದರಿಗೆ ಬರುವ ಹಡಗುಗಳ ಮೇಲಿನ ಸುಂಕದಿಂದ ‘ಮಿಜಿಗಿತಿ’ಯ ನಿರ್ವಹಣೆಗೆ ಏರ್ಪಾಡಾಯಿತು. ಮಿಜಿಗಿತಿ ಎಂದರೆ ಮಸ್ಜಿದ್.

ಈ ಶಾಸನದಲ್ಲಿ ಸಲಾಮ್ ಪದವಿಲ್ಲ. ಆದರೆ ಪದದ ಅರ್ಥವಿದೆ. ಕೂವೆಮರ ಮುರಿದ ಹಡಗನ್ನು ದಡಕ್ಕೆ ತಲುಪಿಸಿ, ಅದರಲ್ಲಿದ್ದವರನ್ನು ಕೇಡಿಲ್ಲದೆ ಉಳಿಸಿದ ಕೃತ್ಯಕ್ಕೆ ಅರಬ್ಬಿಯಲ್ಲಿ ಬಳಕೆಯಾಗುವುದು ಇದೇ ಧಾತು. ಕನ್ನಡ ಅರಸನ ಮನೆತನಕ್ಕೂ ಅರಬ್ಬೀ ವರ್ತಕನ ಮನೆತನಕ್ಕೂ ನಡುವೆ ಬೆಳೆದ ನಂಟು ಮೊದಲು ಕ್ಷೇಮವನ್ನು ಕೊಟ್ಟು ಪಡೆದವರ ನಂಟು. ಅದರಲ್ಲಿ ರಕ್ಷಿಸಿದವನು ವರ್ತಕ, ರಕ್ಷಣೆ ಪಡೆದವನು ಅರಸ. ಸಾಮಾನ್ಯವಾಗಿ ನಾವು ಕಲ್ಪಿಸಿಕೊಳ್ಳುವ ಮೇಲುಕೀಳು ಇಲ್ಲಿ ಕೆಲಕಾಲ ತಿರುವುಮುರುವಾಗಿದೆ.

ಮುಂದಿನ ಘಟ್ಟ ಬಿಜಾಪುರದ್ದು. 15ನೆಯ ಶತಮಾನದ ಕೊನೆಯಲ್ಲಿ ಸ್ವತಂತ್ರವಾದ ಆದಿಲಶಾಹಿ ರಾಜ್ಯಕ್ಕೆ ಗೋವೆ ಮುಖ್ಯ ಬಂದರಾಗಿತ್ತು. 1510ರ ನವೆಂಬರ್ 25ರಂದು ಅಫೊನ್ಸೊ ದ ಆಲ್ಬುಕರ್ಕ್ ನಗರವನ್ನು ಎರಡನೆಯ ಬಾರಿಗೆ ವಶಪಡಿಸಿಕೊಂಡಾಗ ಅಲ್ಲಿನ ಮುಸ್ಲಿಮರ ಸಂಹಾರ ನಡೆಯಿತು. ಅದನ್ನು ಅವನೇ ತನ್ನ ಅರಸನಿಗೆ ವರದಿಮಾಡಿದ್ದಾನೆ. ಹೀಗೆ ತೀರದ ಗೋವೆಯಲ್ಲಿ ಮಸೀದಿಯ ಸಲಾಮ್ ಅಡಗಿತು. ಆದರೆ ಒಳನಾಡು ಬಿಜಾಪುರದ ಅಧೀನದಲ್ಲಿಯೇ ಉಳಿಯಿತು. 1560ರಲ್ಲಿ ಒಂದನೆಯ ಅಲಿ ಆದಿಲಶಾಹ ಫೋಂಡಾದಲ್ಲಿ ಸಫಾ ಮಸೀದಿಯನ್ನು ಕಟ್ಟಿಸಿದನು. ಅದೇ 1560ರಲ್ಲಿ ನದಿಯಾಚೆಯ ಗೋವಾ ನಗರದಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾಯಿತು. ನಡುವೆ ಕೆಲವು ವರ್ಷಗಳ ವಿರಾಮವನ್ನು ಬಿಟ್ಟರೆ 1812ರವರೆಗೆ ಅದು ನಡೆಯಿತು.

ಸತ್ತರಿ ಪೋರ್ಚುಗೀಸರಿಗೆ ಭದ್ರವಾಗಿ ದಕ್ಕಿದ್ದು 18ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸಾವಂತವಾಡಿಯ ಭೋಂಸಲೆಯವರಿಂದ. ‘ಹೊಸ ಗೆಲುವುಗಳು’ ಎಂದು ಕರೆಯಲಾದ ಈ ತಾಲೂಕುಗಳಲ್ಲಿ ಜನರ ಹಿಂದಿನ ಧರ್ಮಾಚಾರಗಳನ್ನು ಉಳಿಸಿಕೊಡುವ ನೀತಿಯನ್ನು ಆಳುವವರು ಅನುಸರಿಸಿದರು. ಆಗಲೂ ಸತ್ತರಿ ಸುಲಭವಾಗಿ ತಲೆಬಾಗಲಿಲ್ಲ: 1852ರಲ್ಲಿ ದೀಪಾಜಿ ರಾಣೆಯವರು ವಾಳಪೈ ಸಮೀಪದ ನಾಣೂಸ್ ಕೋಟೆಯನ್ನು ವಶಪಡಿಸಿಕೊಂಡು ಬಂಡೆದ್ದರು, 1895ರಲ್ಲಿ ಮತ್ತೊಂದು ರಾಣೆ ದಂಗೆ ನಡೆಯಿತು. ಹಳೆಯ ಗೆಲುವಿನ ತಾಲೂಕುಗಳಲ್ಲಿ 16ನೆಯ ಶತಮಾನದಲ್ಲಿಯೇ ಕಡಿದುಹೋದ ಆಚಾರಪರಂಪರೆಗೆ ಫೋಂಡಾ, ಸತ್ತರಿಗಳಲ್ಲಿ ಅವಕಾಶ ಉಳಿದದ್ದಕ್ಕೆ ಈ ಕಾಲವ್ಯತ್ಯಾಸವೇ ಕಾರಣ. ವಾಳಪೈಯಲ್ಲಿ ಇಂದು ಮಸೀದಿ, ದೇವಾಲಯ, ಇಗರ್ಜಿಗಳು ಒಂದೇ ಪೇಟೆಯ ಸುತ್ತ ಇರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಅತ್ತ ಪೋರ್ಚುಗೀಸ್ ಭಾಷೆಯಲ್ಲಿಯೂ ಈ ಅಭಿವಾದನ ಒಂದು ಗುರುತನ್ನು ಬಿಟ್ಟಿದೆ. ‘ಅಸ್ಸಲಾಮು ಅಲೈಕುಮ್’ ಎಂಬುದರಿಂದ ಬಂದ ‘ಸಲಾಮಲೇಕ್’ ಎಂಬ ಪದಕ್ಕೆ ಆ ಭಾಷೆಯಲ್ಲಿ ಅತಿವಿನಯ, ತೋರಿಕೆಯ ಉಪಚಾರ ಎಂಬ ಅರ್ಥ. ಫ್ರೆಂಚಿನಲ್ಲಿಯೂ ಹಾಗೆಯೇ. ಹೊರಗಿನವರ ಕಿವಿಗೆ ಹಾರೈಕೆ ಕೇಳಿಸಲಿಲ್ಲ, ಕಣ್ಣಿಗೆ ಬಾಗುವಿಕೆ ಮಾತ್ರ ಕಾಣಿಸಿತು. ಕನ್ನಡದ ಅನುಭವವೂ ಇದಕ್ಕಿಂತ ಬಹಳ ದೂರವಿಲ್ಲ.

ದರ್ಬಾರಿನ ಸಲಾಮು

ಪಾರ್ಸಿ ಶಿಷ್ಟಾಚಾರವನ್ನು ಅನುಸರಿಸಿದ ಭಾರತದ ಅರಮನೆಗಳಲ್ಲಿ ವಂದನೆಯ ಕ್ರಮಗಳು ವಿವರವಾಗಿ ರೂಪುಗೊಂಡಿದ್ದವು. ಅಕ್ಬರನ ಆಡಳಿತವನ್ನು ದಾಖಲಿಸಿದ ಅಬುಲ್ ಫಝಲನ ‘ಆಈನ್-ಎ-ಅಕ್ಬರಿ’ ಇವುಗಳಲ್ಲಿ ಮುಖ್ಯವಾದ ಎರಡನ್ನು ವರ್ಣಿಸುತ್ತದೆ. ಬಲಗೈಯ ಅಂಗೈಯನ್ನು ಹಣೆಗಿಟ್ಟು ತಲೆಬಾಗುವುದು ‘ಕೋರ್ನಿಶ್’. ಬಲಗೈಯ ಹಿಂಬದಿಯನ್ನು ನೆಲಕ್ಕಿಟ್ಟು, ಮೆಲ್ಲನೆ ಮೇಲೆತ್ತುತ್ತ ನೆಟ್ಟಗೆ ನಿಂತು, ಅಂಗೈಯನ್ನು ನೆತ್ತಿಯ ಮೇಲಿಡುವುದು ‘ತಸ್ಲೀಮ್’. ತನ್ನನ್ನು ತಾನೇ ಅರಸನಿಗೆ ಕಾಣಿಕೆಯಾಗಿ ಒಪ್ಪಿಸಿಕೊಳ್ಳುವುದು ಎಂಬುದೇ ಇದರ ಆಶಯವೆಂದು ಅವನು ತಿಳಿಸುತ್ತಾನೆ.

ಹೆಸರು ಅದೇ, ಧಾತು ಅದೇ. ದಿಕ್ಕು ಮಾತ್ರ ಬದಲಾಯಿತು. ನಮಾಜಿನ ತಸ್ಲೀಮ್ ಬಲಕ್ಕೆ ಮತ್ತು ಎಡಕ್ಕೆ. ದರ್ಬಾರಿನ ತಸ್ಲೀಮ್ ಕೆಳಗಿನಿಂದ ಮೇಲಕ್ಕೆ. ಧಾತುವಿನಲ್ಲಿದ್ದ ‘ಕೇಡಿಲ್ಲದಿರುವಿಕೆ’ ಹಿಂದೆ ಸರಿದು ‘ಒಪ್ಪಿಸಿಕೊಳ್ಳುವಿಕೆ’ ಮುಂದೆ ಬಂತು. ಒಪ್ಪಿಸಿಕೊಳ್ಳುವುದು ದೇವರಿಗಲ್ಲ, ಪ್ರಭುವಿಗೆ. 1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಅದಕ್ಕೆ ಮೊದಲೂ ಆಮೇಲೂ ಕನ್ನಡ ನಾಡಿನ ಬಹುಭಾಗ ಬಹಮನಿ, ಆದಿಲಶಾಹಿ, ಮೊಗಲ, ಸವಣೂರು ನವಾಬ, ಹೈದರ್ ಮತ್ತು ಟಿಪ್ಪು, ಮರಾಠರು ಹೀಗೆ ಅನೇಕ ಆಡಳಿತಗಳನ್ನು ಕಂಡಿತು. ಪ್ರಭುಗಳು ಬದಲಾದರೂ ದರ್ಬಾರಿನ ಭಾಷೆ ಹೆಚ್ಚು ಬದಲಾಗಲಿಲ್ಲ. ಹಿಂದೂ ಪಾಳೆಯಗಾರರ ಚಾವಡಿಯಲ್ಲಿಯೂ ‘ಸಲಾಮು’ ನಡೆಯಿತು. ಭೂಮಿಯ ವ್ಯವಹಾರದಲ್ಲಿ ಒಡೆಯನಿಗೆ ಮರ್ಯಾದೆಯಾಗಿ ಸಲ್ಲಿಸುವ ಹಣಕ್ಕೆ ‘ಸಲಾಮಿ’ ಎಂಬ ಹೆಸರೇ ಬಂತು.

ಈ ಪದ ಕನ್ನಡಕ್ಕೆ ಮುಖ್ಯವಾಗಿ ದರ್ಬಾರಿನಿಂದ ಬಂತು ಎಂಬುದಕ್ಕೆ ಭಾಷೆಯೊಳಗೇ ಸಾಕ್ಷ್ಯವಿದೆ. ಪದದ ಜೊತೆ ಸೇರುವ ಕ್ರಿಯಾಪದಗಳನ್ನು ಗಮನಿಸಬೇಕು. ಕನ್ನಡದಲ್ಲಿ ‘ಸಲಾಮು ಹೊಡೆ’, ‘ಸಲಾಮು ಹಾಕು’ ಎನ್ನುತ್ತೇವೆ. ಇವು ಕೈಮೈಗಳ ಕ್ರಿಯೆಯನ್ನು ಸೂಚಿಸುತ್ತವೆ, ಮಾತನ್ನಲ್ಲ. ಮೂಕನೂ ಸಲಾಮು ಹೊಡೆಯಬಹುದು. ಕನ್ನಡ ಮಾತನಾಡುವ ಮುಸ್ಲಿಮರು ತಮ್ಮೊಳಗಿನ ಅಭಿವಾದನದ ಬಗ್ಗೆ ಹೇಳುವಾಗ ಬಳಸುವುದು ‘ಸಲಾಂ ಹೇಳು’ ಎಂಬುದನ್ನು. ದೂರದವರಿಗೂ ಸಲಾಂ ಹೇಳಿ ಕಳುಹಿಸಬಹುದು, ಕೇಳಿದವರು ಅದಕ್ಕೆ ಉತ್ತರ ಕೊಡಬೇಕು. ಬಂದ ಹಾರೈಕೆಗೆ ಸಮನಾದ ಅಥವಾ ಮಿಗಿಲಾದ ಹಾರೈಕೆಯಿಂದ ಉತ್ತರಿಸಬೇಕೆಂಬುದು ಕುರ್‌ಆನಿನ 4ನೆಯ ಅಧ್ಯಾಯದ ವಿಧಿ. ಹೊಡೆದ ಸಲಾಮಿಗೆ ಸಾಹೇಬ ಉತ್ತರಿಸಲೇಬೇಕೆಂಬ ನಿಯಮವಿಲ್ಲ. ಹೇಳಿದ ಸಲಾಮಿಗೆ ಉತ್ತರಿಸದಿರುವುದು ದೋಷ. ಎರಡು ಕ್ರಿಯಾಪದಗಳ ಹಿಂದೆ ಎರಡು ಸಾಮಾಜಿಕ ಸಂಬಂಧಗಳಿವೆ.

ಕನ್ನಡದ ‘ಸಲಾಮು’ ಪದಾಂತ್ಯದ ಉಕಾರವನ್ನೂ ಈ ಪ್ರಸಂಗದಲ್ಲಿ ನೆನೆಯಬಹುದು. ಅರಬ್ಬಿಯ ‘ಅಸ್ಸಲಾಮು’ ಎಂಬಲ್ಲಿನ ಉಕಾರ ಪ್ರಥಮಾ ವಿಭಕ್ತಿಯ ಗುರುತು. ಕನ್ನಡದ್ದು ವ್ಯಂಜನಾಂತ ಪದವನ್ನು ನಮ್ಮ ನಾಲಗೆಗೆ ಒಗ್ಗಿಸಲು ಸೇರಿದ ಸ್ವರ. ಕೇಳಲು ಎರಡೂ ಒಂದೇ, ಹುಟ್ಟು ಬೇರೆ ಬೇರೆ. ಎರಡು ಸಲಾಮುಗಳ ಸ್ಥಿತಿಯೂ ಹೀಗೆಯೇ.

ಆದರೆ ದರ್ಬಾರು ಒಂದೇ ದಾರಿಯಾಗಿತ್ತು ಎಂದರೆ ಅತಿಯಾದೀತು. ಕಲಬುರಗಿಯ ಖ್ವಾಜಾ ಬಂದೇನವಾಜರ (ನಿಧನ 1422) ದರ್ಗಾದಂತಹ ಸೂಫಿ ಕೇಂದ್ರಗಳು, ಉತ್ತರ ಕರ್ನಾಟಕದ ಮೊಹರಂ ಆಚರಣೆ, ಅಲ್ಲಿ ಎಲ್ಲ ಜಾತಿಯವರೂ ಹಾಡುವ ರಿವಾಯತು ಪದಗಳು ಇವು ಜನಸಾಮಾನ್ಯರಿಗೆ ಬೇರೊಂದು ಸಲಾಮನ್ನು ಪರಿಚಯಿಸಿದವು. ಕರ್ಬಲಾದ ಹುತಾತ್ಮರಿಗೆ ಸಲ್ಲಿಸುವ ಸಲಾಮ್ ಉರ್ದು ಶೋಕಕಾವ್ಯದಲ್ಲಿ ಒಂದು ಪ್ರತ್ಯೇಕ ಪ್ರಕಾರವೇ ಆಗಿದೆ. ಶಿಶುನಾಳದ ಶರೀಫರು (1819–1889) ಬೆಳೆದದ್ದು ಇಂತಹ ವಾತಾವರಣದಲ್ಲಿ. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದ ಅವರ ಪದಗಳಲ್ಲಿ ಎರಡೂ ಪರಂಪರೆಗಳ ಮಾತುಗಳು ಸಹಜವಾಗಿ ಕೂಡಿವೆ. ದರ್ಗಾದ ಸಲಾಮು ದರ್ಬಾರಿನದಕ್ಕೂ ಮಸೀದಿಯದಕ್ಕೂ ನಡುವಿನದು: ಅದರಲ್ಲಿ ಬಾಗುವಿಕೆಯೂ ಇದೆ, ಹಾರೈಕೆಯೂ ಇದೆ. ಆದರೂ ನಿತ್ಯದ ಕನ್ನಡದಲ್ಲಿ ಗೆದ್ದು ನಿಂತದ್ದು ದರ್ಬಾರಿನ ಅರ್ಥವೇ. ‘ಸಲಾಮು’ ಎಂದೊಡನೆ ‘ಗುಲಾಮ’ ಎಂಬ ಪ್ರಾಸ ನಮ್ಮ ಬಾಯಿಗೆ ಬರುವುದು ಇದರಿಂದಲೇ.

ಒಂದು ನಾಮಾಂತರ

ಈ ಅರ್ಥಭೇದ ಪಂಡಿತರ ಕುತೂಹಲಕ್ಕೆ ಸೀಮಿತವಾಗಿ ಉಳಿದಿಲ್ಲ. ಮೇಲುಕೋಟೆಯ ಚೆಲುವನಾರಾಯಣಸ್ವಾಮಿ ದೇವಾಲಯದಲ್ಲಿ ಸಂಜೆ ದೀವಟಿಗೆಗಳೊಡನೆ ನಡೆಯುವ ಸೇವೆಗೆ ‘ದೀವಟಿಗೆ ಸಲಾಂ’ ಎಂಬ ಹೆಸರಿತ್ತು. ಕೊಲ್ಲೂರಿನ ಮೂಕಾಂಬಿಕಾ ದೇವಾಲಯದ ಮಂಗಳಾರತಿಯೊಂದನ್ನು ‘ಸಲಾಂ ಮಂಗಳಾರತಿ’ ಎನ್ನುತ್ತಿದ್ದರು. ಸ್ಥಳೀಯ ಐತಿಹ್ಯಗಳು ಇವನ್ನು ಟಿಪ್ಪುವಿನ ಕಾಲಕ್ಕೆ ಜೋಡಿಸುತ್ತವೆ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಧಾರ್ಮಿಕ ಪರಿಷತ್ತಿನ ತೀರ್ಮಾನದಂತೆ ಈ ಹೆಸರುಗಳಲ್ಲಿನ ‘ಸಲಾಂ’ ಪದಕ್ಕೆ ಬದಲಾಗಿ ‘ನಮಸ್ಕಾರ’ ಎಂದು ಬಳಸಬೇಕೆಂಬ ಪ್ರಕಟಣೆ ಹೊರಟಿತು.

ಈ ತೀರ್ಮಾನವನ್ನು ಒಪ್ಪಿದವರೂ ವಿರೋಧಿಸಿದವರೂ ಸಾಮಾನ್ಯವಾಗಿ ಒಂದು ಸಂಗತಿಯನ್ನು ಒಪ್ಪಿಕೊಂಡೇ ಮಾತನಾಡಿದರು: ಅದು ಮುಸ್ಲಿಂ ಧರ್ಮದ ಪದ, ಎಂದು. ಒಬ್ಬರಿಗೆ ಅದು ದೇವಾಲಯಕ್ಕೆ ಹೊರಗಿನದು, ಇನ್ನೊಬ್ಬರಿಗೆ ಸಾಮರಸ್ಯದ ಕುರುಹು. ಮೇಲಿನ ವಿವೇಚನೆ ಸರಿಯಾಗಿದ್ದರೆ ದೇವಾಲಯದೊಳಗಿದ್ದ ಸಲಾಂ ಮಸೀದಿಯದಲ್ಲ, ದರ್ಬಾರಿನದು. ದೇವಾಲಯದ ಉಪಚಾರಗಳು ಅರಮನೆಯ ಉಪಚಾರಗಳ ಮಾದರಿಯಲ್ಲಿ ಬೆಳೆದವು. ಛತ್ರ, ಚಾಮರ, ಓಲಗಗಳಂತೆಯೇ ದೀವಟಿಗೆ ಹಿಡಿದು ಮಾಡುವ ಸಲಾಮೂ ಅರಸನಿಗೆ ಸಲ್ಲುತ್ತಿದ್ದುದು ದೇವರಿಗೂ ಸಂದಿತು. ಇಸ್ಲಾಮಿನ ದೃಷ್ಟಿಯಿಂದ ನೋಡಿದರೆ ದೇವರಿಗೆ ಸಲಾಮ್ ಹೇಳುವುದೇ ಅಸಂಗತ. ಮೇಲೆ ಹೇಳಿದ ಹದೀಸ್ ಅದನ್ನೇ ತಿದ್ದಿತ್ತು. ಆದುದರಿಂದ ‘ದೀವಟಿಗೆ ಸಲಾಂ’ ಎಂಬುದು ಅರಬ್ಬೀ ಮೂಲದ ಪದವಾದರೂ ಅದರ ಅರ್ಥ ಸಂಪೂರ್ಣವಾಗಿ ಈ ನೆಲದ್ದು. ಈ ದೇವಾಲಯಗಳ ಆಡಳಿತವನ್ನು ನೋಡಿಕೊಳ್ಳುವ ಇಲಾಖೆಗೆ ‘ಮುಜರಾಯಿ’ ಎಂಬ, ಅರಬ್ಬೀ–ಪಾರ್ಸಿ ಮೂಲದ ಹೆಸರೇ ಜನರ ಬಾಯಲ್ಲಿ ಇಂದಿಗೂ ಇದೆ. ಅದು ಯಾರಿಗೂ ಧರ್ಮದ ಪದವಾಗಿ ಕೇಳಿಸುವುದಿಲ್ಲ. ಒಂದು ಪದವನ್ನು ತೆಗೆಯಬೇಕೆ, ಇರಿಸಬೇಕೆ ಎಂಬುದು ಭಕ್ತರಿಗೂ ಆಡಳಿತಕ್ಕೂ ಬಿಟ್ಟದ್ದು. ಆದರೆ ತೆಗೆದದ್ದು ಏನನ್ನು ಎಂಬುದನ್ನು ತಿಳಿಸುವುದು ಇತಿಹಾಸಕಾರನ ಕೆಲಸ.

ಕನ್ನಡದಲ್ಲಿ ಸಮಾನಪದ

ಕನ್ನಡದ ಇಸ್ಲಾಮೀ ಬರಹಗಳಲ್ಲಿ ‘ಸಲಾಮ್’ ಪದಕ್ಕೆ ಸಾಮಾನ್ಯವಾಗಿ ‘ಶಾಂತಿ’ ಎಂಬ ಅನುವಾದವಿದೆ. ಇದು ತಪ್ಪೆನ್ನಲಾಗದು, ಆದರೆ ಸಾಲದು. ಶಾಂತಿ ‘ಶಮ್’ ಧಾತುವಿನಿಂದ ಬಂದುದು. ಉದ್ರಿಕ್ತವಾದುದು ಅಡಗುವುದು ಅದರ ಮೂಲಾರ್ಥ. ಗ್ರಹಶಾಂತಿ, ಕೋಪಶಾಂತಿ ಎಂಬ ಪ್ರಯೋಗಗಳಲ್ಲಿಯೂ, ಆರಿದ ದೀಪವನ್ನು ‘ಶಾಂತವಾಯಿತು’ ಎನ್ನುವ ನಮ್ಮ ವಾಡಿಕೆಯಲ್ಲಿಯೂ ಈ ಅರ್ಥವೇ ಇದೆ. ಶಾಂತಿಗೆ ಮೊದಲೊಂದು ಕಲಹ ಬೇಕು. ಸಲಾಮ್ ಎಂಬುದಕ್ಕೆ ಅದು ಬೇಕಿಲ್ಲ. ಇಬ್ರಾಹೀಮರ ಪ್ರಸಂಗವನ್ನು ಮತ್ತೆ ನೆನೆದರೆ, ಬೆಂಕಿ ಶಾಂತವಾಗುವುದು ಮೊದಲ ಆಜ್ಞೆ. ಸಲಾಮ್ ಆಗುವುದು ಎರಡನೆಯದು. ಎರಡಕ್ಕೂ ಒಂದೇ ಕನ್ನಡ ಪದವನ್ನು ಬಳಸಿದರೆ ವಾಕ್ಯದ ಅರ್ಥವೇ ಕುಸಿಯುತ್ತದೆ.

ಕನ್ನಡ ಬೈಬಲಿನ ಅನುವಾದಕರು ಇದೇ ತೊಡಕನ್ನು ಎದುರಿಸಿ ‘ಸಮಾಧಾನ’ ಎಂಬ ಪದವನ್ನು ಆರಿಸಿಕೊಂಡರು. ಒಟ್ಟುಗೂಡಿಸಿ ಇಡುವುದು ಎಂಬ ಅದರ ವ್ಯುತ್ಪತ್ತಿ ‘ಶಾಲೋಮ್’ ಪದದ ಇಡಿತನಕ್ಕೆ ಹತ್ತಿರವಾದುದು. ಆದರೆ ಇಂದಿನ ಕನ್ನಡದಲ್ಲಿ ಸಮಾಧಾನವೆಂದರೆ ಸಂತೈಕೆ, ತೃಪ್ತಿ; ಹಳೆಯ ಅರ್ಥ ಕಿವಿಗೆ ತಾಗುವುದಿಲ್ಲ. ಶರಣರ ಪರಂಪರೆಯ ‘ಶರಣು’ ಮತ್ತೊಂದು ಸಾಧ್ಯತೆ. ಒಪ್ಪಿಸಿಕೊಳ್ಳುವಿಕೆ ಎಂಬ ಅರ್ಥದಲ್ಲಿ ಅದು ‘ಇಸ್ಲಾಂ’ ಪದಕ್ಕೆ ಅಚ್ಚರಿಯಾಗುವಷ್ಟು ಸಮೀಪದಲ್ಲಿದೆ. ಆದರೆ ‘ಸಲಾಮ್’ ಪದಕ್ಕೆ ಅಲ್ಲ. ಶರಣು ಎನ್ನುವವನು ಎದುರಿನವನಿಗೆ ತನ್ನನ್ನು ಒಪ್ಪಿಸುತ್ತಾನೆ. ಸಲಾಮ್ ಎನ್ನುವವನು ತನ್ನಿಂದ ನಿನಗೆ ಕೇಡಿಲ್ಲ ಎನ್ನುತ್ತಾನೆ. ಗೋವೆಯ ಕೊಂಕಣಿಯ ‘ದೇವ್ ಬರೆಂ ಕರುಂ’ ಎಂಬ ಮಾತು, ದೇವರು ಒಳಿತುಮಾಡಲಿ ಎಂದು ಹಾರೈಸುವುದರಿಂದ, ರಚನೆಯಲ್ಲಿ ಸಲಾಮಿಗೆ ಇನ್ನೂ ಹತ್ತಿರ: ಕೊಡುವವನು ದೇವರು, ಹಾರೈಸುವವನು ಮನುಷ್ಯ, ಪಡೆಯುವವನು ಇನ್ನೊಬ್ಬ ಮನುಷ್ಯ.

ನನ್ನ ಅಭಿಪ್ರಾಯದಲ್ಲಿ ಈ ಅರ್ಥಕ್ಕೆ ಅತ್ಯಂತ ಹೊಂದುವ ಕನ್ನಡ ಪದ ‘ಕ್ಷೇಮ’. ನೆಲಸು ಎಂಬರ್ಥದ ಧಾತುವಿನಿಂದ ಹುಟ್ಟಿದ ಇದಕ್ಕೆ ಭಯವಿಲ್ಲದೆ ನೆಲಸಿರುವುದು ಎಂಬ ಅರ್ಥ. ‘ಯೋಗಕ್ಷೇಮ’ ಎಂಬ ಜೋಡಿಯಲ್ಲಿ ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದು ಕೆಡದಂತೆ ಉಳಿಯುವುದು ಕ್ಷೇಮ. ಹಳೆಯ ಕಾಗದಗಳಲ್ಲಿ ನಾವಿಲ್ಲಿ ಕ್ಷೇಮವೆಂದು ತಿಳಿಸಿ ನಿಮ್ಮ ಕ್ಷೇಮಕ್ಕೆ ಬರೆಯಿರೆಂದು ಕೇಳುವ ಕ್ರಮವಿತ್ತು. ಅದರಲ್ಲಿ ಮೇಲುಕೀಳಿಲ್ಲ, ಉತ್ತರದ ನಿರೀಕ್ಷೆಯಿದೆ. ಶಾಸನಗಳ ಆರಂಭದ ‘ಸ್ವಸ್ತಿ’ ಇದರ ಹಿರಿಯ ಸೋದರ. ಒಳಿತಾಗಿ ಇರಲಿ ಎಂಬುದೇ ಅದರ ಅರ್ಥ. ಗಝಾಲಿಯವರು ಹೇಳಿದ ಮೊದಲ ಮುಖಕ್ಕೆ, ಎಂದರೆ ದೋಷವಿಲ್ಲದ ಸ್ವರೂಪಕ್ಕೆ, ಕನ್ನಡ ಅನುಭಾವಿಗಳಿಗೆ ಚಿರಪರಿಚಿತವಾದ ‘ನಿರಂಜನ’ ಎಂಬ ಪದ ನೆರವಾಗಬಲ್ಲುದು. ಹಾಗಿದ್ದರೂ ದೈವನಾಮವನ್ನು ಅನುವಾದಿಸದೆ ‘ಅಸ್ಸಲಾಮ್’ ಎಂದೇ ಇರಿಸಿ, ‘ಕುಂದಿಲ್ಲದವನು, ಕ್ಷೇಮವನ್ನು ಕೊಡುವವನು’ ಎಂದು ಅರ್ಥ ಬರೆಯುವುದು ಲೇಸು. ಅಭಿವಾದನವನ್ನು ಮಾತ್ರ ‘ನಿಮಗೆ ಕ್ಷೇಮವಿರಲಿ’ ಎಂದು ಅನುವಾದಿಸಬಹುದು.

ಮರಳಿ ವಾಳಪೈಗೆ

1987ರ ರಾಜಭಾಷಾ ಕಾಯಿದೆಯಂತೆ ಗೋವೆಯಲ್ಲಿ ದೇವನಾಗರಿ ಲಿಪಿಯ ಕೊಂಕಣಿ ಅಧಿಕೃತ ಭಾಷೆ. ಮರಾಠಿಗೂ ಆಡಳಿತದಲ್ಲಿ ಸ್ಥಾನವಿದೆ. ಕನ್ನಡಕ್ಕೂ ಉರ್ದುವಿಗೂ ಅಲ್ಪಸಂಖ್ಯಾತರ ಭಾಷೆಗಳ ಸ್ಥಾನ. ಈ ಎರಡನ್ನೂ ಬಲ್ಲ ಕುಟುಂಬಗಳಿಗೆ ಎರಡು ಸಲಾಮುಗಳ ವ್ಯತ್ಯಾಸ ಪುಸ್ತಕದ ವಿಷಯವಲ್ಲ. ‘ಅಬ್ದುಸ್ಸಲಾಮ್’ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಅದರ ಅರ್ಥ ಅಸ್ಸಲಾಮನ ಸೇವಕ. ದಾಖಲೆಗಳಲ್ಲಿ ಅದು ‘ಅಬ್ದುಲ್’ ಮತ್ತು ‘ಸಲಾಂ’ ಎಂದು ಎರಡಾಗಿ ಒಡೆಯುತ್ತದೆ. ಬರಿಯ ‘ಸಲಾಂ’ ಎಂದು ಕರೆದಾಗ ಸೇವಕ ಹೋಗಿ ಒಡೆಯನ ನಾಮ ಮಾತ್ರ ಉಳಿಯುತ್ತದೆ. ಹೆಸರನ್ನು ಇಡಿಯಾಗಿ ಕರೆಯಬೇಕೆಂದು ಮನೆಯ ಹಿರಿಯರು ತಿದ್ದುವುದು ಈ ಕಾರಣಕ್ಕೆ. ಅದೇ ಹುಡುಗ ಕನ್ನಡದ ಬರಹಗಳಲ್ಲಿ ‘ಸಲಾಮು ಹೊಡೆ’ ಎಂಬ ಪ್ರಯೋಗವನ್ನು ದಾಸ್ಯದ ಸಂಕೇತವಾಗಿ ಓದುತ್ತಾನೆ. ತನ್ನ ಹೆಸರಿನಲ್ಲಿರುವ ದೈವನಾಮವೂ ಪುಸ್ತಕದಲ್ಲಿರುವ ತಲೆಬಾಗುವಿಕೆಯೂ ಒಂದೇ ಪದವೆಂದು ಅವನಿಗೆ ತೋರಿದರೆ, ಅವನು ಎರಡರಲ್ಲೊಂದನ್ನು ಬಿಡಬೇಕಾದೀತು.

ಹಾಗೆ ಬಿಡಬೇಕಾಗಿಲ್ಲ ಎಂಬುದನ್ನು ನಮ್ಮ ನಿಘಂಟುಗಳೂ ಪಠ್ಯಗಳೂ ಹೇಳಬೇಕು. ‘ಸಲಾಮು’ ಎಂಬ ಉಲ್ಲೇಖದಡಿ ದರ್ಬಾರಿನ ಅರ್ಥವನ್ನೂ ಮಸೀದಿಯ ಅರ್ಥವನ್ನೂ ಬೇರೆ ಬೇರೆಯಾಗಿ, ಅವುಗಳ ಕ್ರಿಯಾಪದಗಳೊಡನೆ ಕೊಡುವುದು ಕಷ್ಟದ ಕೆಲಸವಲ್ಲ. ಕೂವೆಮರ ಮುರಿದ ಹಡಗಿಗೆ ಆಸರೆಯಾದ ವರ್ತಕನ ಮನೆತನವನ್ನು ಕನ್ನಡದ ಅರಸುಮನೆ ತನ್ನ ಶಾಸನದಲ್ಲಿ ನೆನೆದು ಸಾವಿರ ವರ್ಷಗಳಾಗುತ್ತ ಬಂದಿವೆ. ಆ ನಂಟಿನ ಪದಕ್ಕೆ ನಮ್ಮ ಭಾಷೆ ಈವರೆಗೆ ಬಾಗಿದ ಬೆನ್ನಿನ ಅರ್ಥವನ್ನಷ್ಟೇ ದಾಖಲಿಸಿಕೊಂಡಿದೆ. ವಾಳಪೈಯ ಮಸೀದಿಯಲ್ಲಿ ಶುಕ್ರವಾರದ ಮಧ್ಯಾಹ್ನ ಪ್ರಾರ್ಥನೆ ಮುಗಿಸುವವರು ಬಲಕ್ಕೂ ಎಡಕ್ಕೂ ತಿರುಗಿ ಹೇಳುವ ಇನ್ನೊಂದು ಅರ್ಥವನ್ನೂ ಅದು ತನ್ನದೆಂದು ಬರೆದುಕೊಳ್ಳಬೇಕಾಗಿದೆ.